ರಾತ್ರಿಯೇ ಮಾಡಿಟ್ಟ ಹಬ್ಬದ ತಿಂಡಿ

ನಮ್ಮ ಕಡೆ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಓವನ್‌ನಲ್ಲಿಡುವ ಅಗಲವಾದ ಪಾತ್ರೆಗೆ ಆ ಹೆಸರು, ಅದರಲ್ಲಿ ಬೆಂದ ಅಡುಗೆಗೂ ಅದೇ ಹೆಸರು. ಮಿಶಿಗನ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಆಫೀಸಿನ ಗೆಳೆಯರೊಬ್ಬರು ಕ್ರಿಸ್‌ಮಸ್ ಬೆಳಗಿನ ತಿಂಡಿಗೆ ಕರೆದರು. ಫ್ರೆಂಚ್ ಟೋಸ್ಟ್ ಕ್ಯಾಸರೋಲ್ ಮಾಡ್ತೀವಿ, ಬನ್ನಿ ಅಂದರು.

ಡಿಸೆಂಬರ್ ಕೊನೆಗೆ ಇಲ್ಲಿ ಬೆಳಗಾಗುವುದೇ ಎಂಟಕ್ಕೆ. ನಾನು ಹೋದಾಗ ಇನ್ನೂ ಮಬ್ಬು ಮಬ್ಬಾಗಿತ್ತು. ಮಕ್ಕಳು ಉಡುಗೊರೆ ಬಿಚ್ಚುತ್ತಿದ್ದರು. ಮನೆಯಾಕೆ ಕಾಲು ಮಡಚಿ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಮನೆ ತುಂಬ ದಾಲ್ಚಿನ್ನಿ ವಾಸನೆ, ಆದರೆ ಅಡುಗೆಮನೆಯಲ್ಲಿ ಒಬ್ಬರೂ ಇಲ್ಲ. ತಿಂಡಿ ಎಲ್ಲಿ ತಯಾರಾಗ್ತಿದೆ ಅಂತ ಕೇಳಿದೆ. "ನಿನ್ನೆ ರಾತ್ರಿಯೇ ಮುಗೀತು, ಈಗ ಓವನ್ ಕೆಲಸ ಮಾಡ್ತಿದೆ" ಅಂದರು.

ಅವತ್ತು ಸಂಜೆ ಅವ್ವನಿಗೆ ಫೋನ್‌ನಲ್ಲಿ ಇದನ್ನು ಹೇಳಿದೆ. "ರಾತ್ರಿ ಮಾಡಿಟ್ಟಿದ್ದು ಮುಂಜಾನಿ ತಿಂದ್ರ ಅದು ತಂಗಳ ಅಲ್ಲೇನೋ ತಮ್ಮಾ? ಹಬ್ಬದ ದಿನ ತಂಗಳ ತಿಂತಾರೇನು?" ಅಂದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಂಡಿಯ ಬಗ್ಗೆ ಹೇಳಿಬಿಡುತ್ತೇನೆ. ಫ್ರೆಂಚ್ ಟೋಸ್ಟ್ ಅಂದರೆ ನಮ್ಮೂರಲ್ಲಿ ಬಾಂಬೆ ಟೋಸ್ಟ್ ಅಂತೀವಲ್ಲ, ಅದೇ. ಹಾಲು, ಮೊಟ್ಟೆ, ಸಕ್ಕರೆ ಕದಡಿ ಅದರಲ್ಲಿ ಬ್ರೆಡ್ ಅದ್ದಿ ತವೆ ಮೇಲೆ ಸುಡುವುದು. ಹಳೇ ಬ್ರೆಡ್ ದಂಡವಾಗಬಾರದು ಅಂತ ಹುಟ್ಟಿದ ತಿಂಡಿ ಇದು. ಫ್ರೆಂಚರು ಇದನ್ನು 'ಪಾಂ ಪರ್ದ್ಯು' ಅನ್ನುತ್ತಾರೆ, ಅಂದರೆ ಕಳೆದುಹೋದ ರೊಟ್ಟಿ. ಸ್ಪೇನಿನಲ್ಲಿ ಈಸ್ಟರ್‌ಗೆ ಮುಂಚಿನ ವಾರ ಇದರದೇ ಬಳಗದ 'ತೊರ್ರೀಹಾಸ್' ಮಾಡುತ್ತಾರೆ. ನನಗಂತೂ ಮೊದಲ ತುತ್ತಿಗೇ ನೆನಪಾದದ್ದು ಡಬಲ್ ಕಾ ಮೀಠಾ, ಬ್ರೆಡ್‌ನಿಂದ ಮಾಡುವ ಹೈದರಾಬಾದಿ ಸಿಹಿ. ನಮ್ಮ ಕಲಬುರಗಿ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಆ ಸಿಹಿ ನಮಗೆ ಹೊರಗಿನದಲ್ಲ. ಈದ್ ದಿನ ಗೆಳೆಯನ ಮನೆಯಲ್ಲಿ ತಿಂದೇ ಬೆಳೆದವನು ನಾನು.

ತವೆ ಮೇಲಿನ ಟೋಸ್ಟಿಗೆ ಒಂದು ತೊಂದರೆ ಇದೆ. ಒಂದು ಸಲಕ್ಕೆ ಎರಡೋ ಮೂರೋ ತುಂಡು. ಹತ್ತು ಜನ ಇದ್ದರೆ ಸುಡುವವರು ಒಲೆ ಬಿಟ್ಟು ಬರುವಂತಿಲ್ಲ. ದೋಸೆಯದೂ ಇದೇ ಕಥೆ, ಅಲ್ವಾ? ಎಲ್ಲರದೂ ಆದ ಮೇಲೆ ಅವ್ವನದು ಕೊನೇ ದೋಸೆ, ಅದೂ ನಿಂತುಕೊಂಡೇ.

ಕ್ಯಾಸರೋಲ್ ಈ ಕಷ್ಟ ತಪ್ಪಿಸುತ್ತದೆ. 9 ಇಂಚು ಅಗಲ, 13 ಇಂಚು ಉದ್ದದ ಪಾತ್ರೆಗೆ ಬೆಣ್ಣೆ ಸವರಿ, ಸುಮಾರು 450 ಗ್ರಾಂ ಬ್ರೆಡ್ಡನ್ನು ತುಂಡು ಮಾಡಿ ತುಂಬುವುದು. ಎಂಟು ಮೊಟ್ಟೆ, ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಾಲು, ಸಕ್ಕರೆ, ದಾಲ್ಚಿನ್ನಿ, ವೆನಿಲಾ ಕದಡಿ ಸುರಿಯುವುದು. ಮುಚ್ಚಿ ಫ್ರಿಜ್‌ನಲ್ಲಿಡುವುದು. ಬೆಳಿಗ್ಗೆ 175 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮುಕ್ಕಾಲು ಗಂಟೆ ಇಟ್ಟರೆ ಮೇಲೆ ಗರಿಗರಿ, ಒಳಗೆ ಮೆತ್ತಗೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ಓವನ್ ಟರ್ಕಿ ಕೋಳಿಗೇ ಬೇಕಾಗುತ್ತದೆ. ಆದರೆ ನೆಂಟರು ಉಳಿದುಕೊಂಡಿರುವ ಮರುದಿನದ ಶುಕ್ರವಾರಕ್ಕೆ ಇದು ಹೇಳಿ ಮಾಡಿಸಿದ ತಿಂಡಿ.

ಬ್ರೆಡ್ ಮಾತ್ರ ಒಣಗಿರಬೇಕು. ಹೊಸ ಮೆತ್ತನೆ ಬ್ರೆಡ್ ಹಾಕಿದರೆ ರಾತ್ರಿ ಕಳೆಯುವಷ್ಟರಲ್ಲಿ ಗಂಜಿಯಾಗುತ್ತದೆ. ತುಂಡುಗಳನ್ನು ತಟ್ಟೆಯಲ್ಲಿ ಹರಡಿ, ಸಣ್ಣ ಬಿಸಿಯ ಓವನ್‌ನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ಮುರಿದರೆ ಟಕ್ ಅನ್ನಬೇಕು. ಆಗ ಹಾಲು ಸುರಿದರೆ ಅಂಚಿನಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಬ್ರೆಡ್ ಕುಡಿಯುತ್ತಿದೆ ಅಂತ ಗೊತ್ತಾಗುತ್ತದೆ. ಮೇಲಿನ ತುಂಡುಗಳನ್ನು ಒಂದೆರಡು ಸಲ ಅಂಗೈಯಿಂದ ಮೆಲ್ಲಗೆ ಒತ್ತಬೇಕು, ಇಲ್ಲದಿದ್ದರೆ ಅವು ಒಣಗಿಯೇ ಉಳಿಯುತ್ತವೆ. ಇನ್ನೊಂದು ಮಾತು. ಗಾಜಿನ ಪಾತ್ರೆಯನ್ನು ಫ್ರಿಜ್‌ನಿಂದ ತೆಗೆದು ಸೀದಾ ಬಿಸಿ ಓವನ್‌ಗೆ ಇಡಬೇಡಿ. ನನ್ನದೊಂದು ಹೀಗೇ ಒಡೆಯಿತು. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಇಡಿ.

ಈಗ ತಂಗಳಿನ ಮಾತಿಗೆ ಬರುತ್ತೇನೆ.

ನಾವೂ ಹಿಂದಿನ ದಿನವೇ ಕೆಲಸ ಶುರು ಮಾಡುವ ಜನ. ಇಡ್ಲಿ ಹಿಟ್ಟು ರಾತ್ರಿ ರುಬ್ಬಿಟ್ಟರೆ ತಾನೇ ಬೆಳಿಗ್ಗೆ ಉಬ್ಬುವುದು? ಕಜ್ಜಾಯದ ಹಿಟ್ಟನ್ನು ಪಾಕಕ್ಕೆ ಕಲಸಿ ಒಂದೆರಡು ದಿನ ಬಿಡದೆ ಕರಿದರೆ ಅದು ಕಜ್ಜಾಯವೇ ಅಲ್ಲ. ಇನ್ನು ಎಳ್ಳ ಅಮಾವಾಸ್ಯೆಯಂತೂ ಪೂರ್ತಿ ಮುಂಚೆ ಮಾಡಿಟ್ಟು ಉಣ್ಣುವ ಹಬ್ಬ. ಕಲಬುರಗಿ, ಬೀದರ, ವಿಜಯಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಬರುವುದೂ ಡಿಸೆಂಬರ್, ಜನವರಿಯಲ್ಲೇ, ಕ್ರಿಸ್‌ಮಸ್‌ನ ಆಸುಪಾಸಿನಲ್ಲಿ. ನಾಲ್ಕೈದು ದಿನ ಮೊದಲೇ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಒಣಗಿಸಿ, ಅರಿವೆಯಲ್ಲಿ ಕಟ್ಟಿ ಬುಟ್ಟಿಗೆ ಜೋಡಿಸುತ್ತಿದ್ದರು. ಶೇಂಗಾ ಹೋಳಿಗೆಯೂ ಮುಂಚೆಯೇ ಆಗುತ್ತಿತ್ತು. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿಯೊಂದು ಮಾತ್ರ ಅವತ್ತು ನಸುಕಿನಲ್ಲಿ.

ಆಮೇಲೆ ಎಲ್ಲ ಕಟ್ಟಿಕೊಂಡು ಹೊಲಕ್ಕೆ. ಪೂಜೆ ಮಾಡಿ, ತಂದ ಅಡುಗೆಯಲ್ಲಿ ಸ್ವಲ್ಪವನ್ನು ಚರಗ ಅಂತ ಬೆಳೆಗೆ ಚೆಲ್ಲಿ, ಎದೆಯೆತ್ತರದ ಜೋಳದ ಪಕ್ಕ ಗಿಡದ ನೆರಳಿಗೆ ಎಲ್ಲರೂ ಸಾಲಾಗಿ ಕೂತು ಉಣ್ಣುವುದು. ಅಲ್ಲಿ ಒಲೆ ಇರಲಿಲ್ಲ. ಹಾಗಾಗಿ ಅವ್ವನೂ ನಮ್ಮ ಜೊತೆ ಕೂಡುತ್ತಿದ್ದಳು. ನನಗೆ ನೆನಪಿರುವ ಮಟ್ಟಿಗೆ ವರ್ಷದಲ್ಲಿ ಅವಳು ಎಲ್ಲರ ಜೊತೆ ಕೂತು ನಗುತ್ತ ಊಟ ಮಾಡಿದ ಹಬ್ಬ ಅದೊಂದೇ. ಯುಗಾದಿಗೆ ಹೋಳಿಗೆ ಬಿಸಿಯಾಗಿರಬೇಕು ಅಂತ ಅವಳು ಒಲೆ ಮುಂದೆ. ದೀಪಾವಳಿಗೂ ಹಾಗೇ. ಬಿಸಿ ಬಿಸಿ ಉಂಡವರು ನಾವು, ಆರಿದ್ದು ಉಂಡವಳು ಅವಳು.

ಮಡಿ, ನೈವೇದ್ಯ ಅಂತ ಇರುವ ಮನೆಗಳಲ್ಲಿ ಅವತ್ತಿನದು ಅವತ್ತೇ ಆಗಬೇಕು, ಅದು ನನಗೂ ಗೊತ್ತು. ದೇವರ ಎಡೆಯ ಮಾತು ನಾನು ಆಡುತ್ತಿಲ್ಲ. ಪೂಜೆಯ ನಂತರ ಹದಿನೈದು ಜನರ ತಿಂಡಿಗೆ ಒಬ್ಬ ಹೆಂಗಸು ಎರಡು ಗಂಟೆ ನಿಲ್ಲುವುದಿದೆಯಲ್ಲ, ಅದರ ಮಾತು. ಇಲ್ಲಿಯ ಕನ್ನಡ ಮನೆಗಳಲ್ಲೂ ಇದನ್ನೇ ನೋಡುತ್ತೇನೆ. ದೊಡ್ಡ ಅಡುಗೆಮನೆ, ನಾಲ್ಕು ಬರ್ನರ್, ಆದರೂ ಹಬ್ಬದ ದಿನ ಗಂಡಸರು ಹಾಲ್‌ನಲ್ಲಿ, ಹೆಂಗಸರು ಒಲೆ ಹತ್ತಿರ. ನಮ್ಮ ಮನೆಯಲ್ಲಿ ರಾತ್ರಿ ಬ್ರೆಡ್ ಕತ್ತರಿಸುವುದರಿಂದ ಬೆಳಿಗ್ಗೆ ಓವನ್ ಹಚ್ಚುವ ತನಕ ನನ್ನದೇ ಕೆಲಸ. ಹೆಂಡತಿ ಅವತ್ತು ಆರಾಮಾಗಿ ಏಳುತ್ತಾಳೆ.

ಈ ತಿಂಡಿಯಲ್ಲಿ ನನಗೆ ಸೇರದ್ದೂ ಇದೆ. ಸಿಹಿ ಬಹಳ ಜಾಸ್ತಿ. ಒಳಗೆ ಸಕ್ಕರೆ, ಮೇಲೆ ಕಂದು ಸಕ್ಕರೆ ಮತ್ತು ಬೆಣ್ಣೆಯ ಪುಡಿ, ಅದರ ಮೇಲೆ ಮತ್ತೆ ಮೇಪಲ್ ಸಿರಪ್. ಸುಮಾರು 40 ಲೀಟರ್ ಮರದ ರಸ ಕಾಯಿಸಿದರೆ ಒಂದು ಲೀಟರ್ ಸಿರಪ್ ಸಿಗುತ್ತದೆ. ಅಂಥ ಒಳ್ಳೇ ಪದಾರ್ಥದ ರುಚಿ ಸಕ್ಕರೆಯಲ್ಲಿ ಮುಳುಗಿಹೋಗಬಾರದು. ನಾನು ಒಳಗಿನ ಸಕ್ಕರೆ ಅರ್ಧ ಮಾಡಿ, ವೆನಿಲಾ ಬದಲು ಏಲಕ್ಕಿ ಹಾಕುತ್ತೇನೆ.

ಮೊಟ್ಟೆ ತಿನ್ನದವರಿಗೆ ಕಸ್ಟರ್ಡ್ ಪುಡಿ ಇದೆ. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಅದನ್ನು ಮಾಡಿದ್ದೇ ಮೊಟ್ಟೆ ಒಗ್ಗದ ತನ್ನ ಹೆಂಡತಿಗೋಸ್ಕರ. ಮುಕ್ಕಾಲು ಲೀಟರ್ ಹಾಲಿಗೆ ಮೂರು ದೊಡ್ಡ ಚಮಚ ಹಾಕಿ ತೆಳ್ಳಗೆ ಕಾಯಿಸಿ, ಆರಿಸಿ ಸುರಿದರೆ ಆಯಿತು. ಆದರೆ ಬ್ರಿಯಾಶ್, ಹಲ್ಲಾ ಬ್ರೆಡ್‌ಗಳಲ್ಲಿ ಮೊಟ್ಟೆ ಇರುತ್ತದೆ, ಅವನ್ನು ತರಬೇಡಿ. ಸಾದಾ ಬ್ರೆಡ್ ಸಾಕು.

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಅವ್ವ ಬಂದಿದ್ದಳು. ಅವಳಿಗಾಗಿ ಮೊಟ್ಟೆ ಇಲ್ಲದ್ದನ್ನೇ ಮಾಡಿದೆ. ನಾನು ಹಾಲು ಸುರಿಯುವಾಗ ಪಕ್ಕದಲ್ಲಿ ನಿಂತು ನೋಡಿ, ತಾನೇ ಅಂಗೈಯಿಂದ ಒತ್ತಿದಳು. ಬೆಳಿಗ್ಗೆ ರೂಢಿಯಂತೆ ಐದಕ್ಕೇ ಎದ್ದಳಂತೆ. ನಾನು ಏಳುವಾಗ ಶಾಲು ಹೊದ್ದು ಕಿಟಕಿ ಹತ್ತಿರ ಕೂತಿದ್ದಳು, ಕೈಯಲ್ಲಿ ಚಹಾ, ಹೊರಗೆ ಹಿಮ. ಎಂಟೂವರೆಗೆ ಎಲ್ಲರೂ ಒಟ್ಟಿಗೆ ಮೇಜಿಗೆ ಕೂತೆವು. ಮೊದಲ ತುಂಡು ಅವಳ ತಟ್ಟೆಗೆ ಬಿತ್ತು.

"ಸಕ್ಕರಿ ಇನ್ನಾ ಸ್ವಲ್ಪ ಕಡಿಮಿ ಮಾಡು, ಯಾಲಕ್ಕಿ ಜಾಸ್ತಿ ಹಾಕು" ಅಂದಳು. ಆಮೇಲೆ ಮೂಲೆಯ ಗರಿಗರಿ ತುಂಡು ತೋರಿಸಿ, ಅದನ್ನು ಕೊಡು ಅಂದಳು.