ಹೆಣ್ಮಕ್ಕಳಿಲ್ಲದ ವಂಶಾವಳಿ

ಕೊಪ್ಪಳದ ಗವಿಮಠದ ಜಾತ್ರೆ ಅಂದ್ರೆ ನಮ್ಮ ಮನೆಯಲ್ಲಿ ಬೀಗರು, ಬಿಜ್ಜರು, ಅವರ ಬೆನ್ನಿಗೆ ಬಂದವರು ಎಲ್ಲ ಸೇರಿ ಮಲಗಲು ಜಾಗ ಇರುವುದಿಲ್ಲ. ಈ ಸಲ ತಮ್ಮನ ಹೆಂಡತಿ ಕಡೆಯವರ ಜೊತೆ ಕಂಪ್ಲಿಯ ಹೆಣ್ಣುಮಗಳೊಬ್ಬರು ಬಂದಿದ್ದರು. ರೊಟ್ಟಿ ಬಡಿಯುತ್ತಾ ಮಾತಿಗೆ ಮಾತು ಬಂದು, "ನಮ್ಮಜ್ಜಿ ತವರುಮನಿನೂ ಈ ಕಡೀನ ರೀ" ಅಂದರು. ನಮ್ಮ ಸೋದರತ್ತೆ ಅಲ್ಲಿಗೆ ಬಿಡಲಿಲ್ಲ. ಯಾವ ಊರು, ಮನೆದೇವರು ಯಾರು, ಅಜ್ಜಿಯ ಕೈಮೇಲೆ ಹಚ್ಚೆ ಏನಿತ್ತು? ಒಂದೊಂದೇ ಕೇಳುತ್ತಾ ಹೋದಂತೆ ತಿಳಿಯಿತು: ಆ ಅಜ್ಜಿ ನಮ್ಮ ಅಜ್ಜನ ಒಡಹುಟ್ಟಿದ ತಂಗಿ. ಅತ್ತೆ ಅವರನ್ನು ತಬ್ಬಿಕೊಂಡು ಅತ್ತರು, ಹೋಗುವಾಗ ಉಡಿ ತುಂಬಿ ಕಳಿಸಿದರು.

ನಮ್ಮ ಮನೆತನಕ್ಕೆ ವಂಶಾವಳಿ ಬರೆದಿಟ್ಟು ಹೇಳುವ ಹೆಳವರು ಬರುತ್ತಾರೆ. ಮೂಲಪುರುಷನಿಂದ ಹಿಡಿದು ಹೇಳುತ್ತಾರೆ: ಎಲ್ಲಿಂದ ಎದ್ದು ಬಂದೆವು, ಬೆಡಗು (ವಂಶದ ಬಳಿ) ಯಾವುದು, ಅಣ್ಣತಮ್ಮಂದಿರು ಯಾವ್ಯಾವ ಊರಲ್ಲಿ ನೆಲೆ ನಿಂತರು. ಆ ವಿದ್ಯೆಗೆ ನಾನು ಕೈಮುಗಿಯುತ್ತೇನೆ. ಆದರೆ ನಾವು ಅವರಿಗೆ ಬರೆಸಿದ್ದು ಗಂಡುಮಕ್ಕಳ ಹೆಸರು ಮಾತ್ರ. ಅಜ್ಜನ ತಂಗಿ ಅದರಲ್ಲಿ ಹುಟ್ಟಿಯೇ ಇಲ್ಲ.

ಹೀಗೆ ನಂಟು ತಪ್ಪಿದ್ದಕ್ಕೆ ಹಿರಿಯರು ಹೊಳೆಯನ್ನು ದೂರುತ್ತಾರೆ. ನಿಜ, ಆಗ ತುಂಗಭದ್ರೆಯೇ ಗಡಿ. ಈಚೆ ನಿಜಾಮರ ರಾಜ್ಯ, ಕೊಪ್ಪಳ ಸಾಲಾರ್ ಜಂಗರ ಜಾಗೀರು. ಆಚೆ ಕಂಪ್ಲಿ, ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. 1947-48ರ ರಜಾಕಾರರ ಹಾವಳಿಯಲ್ಲಿ ಎಷ್ಟೋ ಮನೆತನ ಗಡಿ ದಾಟಿ ಓಡಿದವು. ಆಮೇಲೆ ಡ್ಯಾಮು ಕಟ್ಟಿ ಸುಮಾರು 90 ಹಳ್ಳಿ ಮುಳುಗಿದವು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ನಾವು ಸೇರಿದ್ದು 1956ರಲ್ಲಿ. ಇಷ್ಟೆಲ್ಲ ಆದರೂ ಚದುರಿದ ಗಂಡುಮಕ್ಕಳ ಲೆಕ್ಕ ತಪ್ಪಲಿಲ್ಲವಲ್ಲ! ಹೆಣ್ಣುಮಕ್ಕಳು ಕಳೆದುಹೋದದ್ದು ಹೊಳೆಯಿಂದಲ್ಲ, ಬರೆಯದೇ ಬಿಟ್ಟದ್ದರಿಂದ.

ಇವತ್ತೂ ಬಿಡುತ್ತಿದ್ದೇವೆ. ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಕೈಬಿಡುವವರನ್ನು ನಾನೇ ಕಂಡಿದ್ದೇನೆ. ಕರ್ನಾಟಕ 1994ರಲ್ಲೇ, ಆಗಿನ್ನೂ ಮದುವೆಯಾಗದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, 2005ರಲ್ಲಿ ಮದುವೆಯಾದವರಿಗೂ ಸೇರಿ ದೇಶಕ್ಕೆಲ್ಲ ಆಯಿತು, ತಂದೆ ಮೊದಲೇ ತೀರಿಹೋಗಿದ್ದರೂ ಆ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹೆಸರು ಬರೆದರೆ ಪಾಲು ಕೇಳುತ್ತಾರೆ ಅನ್ನುವ ಅಂಜಿಕೆ. ಒಂದು ಸೀರೆ ಕೊಟ್ಟು ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವುದನ್ನು ಮಮತೆ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಜಾತ್ರೆಯ ಮರುದಿನ ಎಲ್ಲರೂ ಕೂತು ಹೊಸ ವಂಶಾವಳಿ ಬರೆಯತೊಡಗಿದೆವು. ಹೆಣ್ಣುಮಕ್ಕಳ ಹೆಸರು, ಕೊಟ್ಟ ಊರು, ಅವರ ಮಕ್ಕಳು; ಬಂದ ಸೊಸೆಯಂದಿರ ತವರು. "ಕೊಟ್ಟ ಹೆಣ್ಣು ಕುಲಕ್ಕ ಹೊರಗು" ಅಂದರು ದೊಡ್ಡಪ್ಪ. ನಮ್ಮದು ಯಲಬುರ್ಗಾ ಕಡೆಯ ಮಳೆ ನಂಬಿದ ಎರೆಹೊಲ. ಬರ ಬಿದ್ದ ವರ್ಷ ಗಂಗಾವತಿ, ಸಿಂಧನೂರಿನ ನೀರಾವರಿ ಸೀಮೆಯಿಂದ ನೆಲ್ಲಿನ ಚೀಲ ಕಳಿಸಿದ್ದು ಯಾವ ಮನೆಗಳು? ನಾವು ಹೆಣ್ಣು ಕೊಟ್ಟ ಮನೆಗಳೇ. ಅಣ್ಣತಮ್ಮಂದಿರ ಹೊಲವೂ ನಮ್ಮದರಂತೆ ಒಣಗಿತ್ತು. ಅದನ್ನು ಅತ್ತೆ ನೆನಪಿಸಿದ ಮೇಲೆ ದೊಡ್ಡಪ್ಪನೂ ಎರಡು ಹೆಸರು ಹೇಳಿ ಬರೆಸಿದರು.

ಹುಡುಕುವವರಿಗೆ ಒಂದು ಮಾತು. ಹಳೆಯ ಟ್ರಂಕಿನಲ್ಲಿ ಮದುವೆಯ ಮುಯ್ಯಿ (ಉಡುಗೊರೆ) ಪಟ್ಟಿ ಇದ್ದರೆ ಎಸೆಯಬೇಡಿ. ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದರ ಪಕ್ಕ ಊರಿನ ಹೆಸರೂ ಇರುತ್ತದೆ. ಯಾವ ದಾಖಲೆಯಲ್ಲೂ ಸಿಗದ ಸೋದರಮಾವಂದಿರು ನಮಗೆ ಸಿಕ್ಕಿದ್ದು ಅಲ್ಲೇ. ಮುದುಕಿಯರನ್ನು ಇಸವಿ ಕೇಳಬೇಡಿ, ಬಾಣಂತನ ಎಲ್ಲಿ ಆಯಿತು ಅಂತ ಕೇಳಿ. ದಾರಿ ತಾನಾಗಿ ತವರಿಗೆ ಹೋಗುತ್ತದೆ.

ಅಜ್ಜನ ತಾಯಿಯ ತವರು ನಮಗಿನ್ನೂ ಸಿಕ್ಕಿಲ್ಲ. ಮುಳುಗಡೆ ಊರಿನವಳು ಅನ್ನುವುದಷ್ಟೇ ಗೊತ್ತು. ನಾರಾಯಣದೇವರಕೆರೆ ಮುಳುಗಿದಾಗ ಎದ್ದು ಬಂದ ಮನೆತನಗಳು ಮರಿಯಮ್ಮನಹಳ್ಳಿಯಲ್ಲಿವೆ. ಯುಗಾದಿ ಮುಗಿಸಿಕೊಂಡು ಅತ್ತೆಯನ್ನು ಕರೆದುಕೊಂಡು ಅಲ್ಲಿಗೆ ಹೊರಡುತ್ತೇವೆ. ಆ ಕಡೆಯಿಂದ ಕೊಪ್ಪಳ ಸೀಮೆಗೆ ಹೆಣ್ಣು ಕೊಟ್ಟ ಮನೆಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.