ಅಂಪೈರ್ ಪರ ಒಂದೇ ಒಂದು ವೋಟು

ನಮ್ಮ ಮಾವನವರು ದಾವಣಗೆರೆ ಕಡೆಯೋರು, ಮೂವತ್ತು ವರ್ಷ ಹೈಸ್ಕೂಲಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೋರು. ರಿಟೈರ್ ಆಗಿ ಎಷ್ಟೋ ಕಾಲ ಆಯ್ತು, ಆದ್ರೂ ಮನೇಲಿ ಮೊಮ್ಮಕ್ಕಳು ಜಗಳ ಆಡ್ಕೊಂಡು ಅಳ್ತಾ ಬಂದ್ರೆ "ಯಾಕಪ್ಪಾ ಅಳ್ತೀಯ" ಅಂತ ಕೇಳಲ್ಲ, "ಮೊದ್ಲು ಫೌಲ್ ಮಾಡಿದ್ದು ಯಾರು" ಅಂತಾನೇ ಕೇಳೋದು.

2024ರ ಮೇ ತಿಂಗಳಲ್ಲಿ ಅತ್ತೆ ಮಾವ ಇಬ್ರೂ ಶಿಕಾಗೋಗೆ ನಮ್ಮನೆಗೆ ಬಂದಿದ್ರು. ಲೆಮಾಂಟಿನ ರಾಮನ ಗುಡಿ ಆಯ್ತು, ಅರೋರಾದ ಬಾಲಾಜಿ ಆಯ್ತು, ಮಿಶಿಗನ್ ಕೆರೆ ತೋರ್ಸಿದ್ರೆ "ನಮ್ಮ ಶಾಂತಿಸಾಗರ ತುಂಬಿದಾಗ ಹಿಂಗೇ ಕಾಣ್ತದೆ" ಅಂದ್ಬಿಟ್ರು, ಇನ್ನು ತೋರ್ಸೋಕೆ ನನ್ನತ್ರ ಏನೂ ಉಳಿದಿರಲಿಲ್ಲ. ಆಗ ಹೊಳೆದಿದ್ದು ಬೇಸ್‌ಬಾಲ್. ನಮ್ಮೂರ ಬೇಸ್‌ಬಾಲ್ ಟೀಮು ವೈಟ್ ಸಾಕ್ಸ್ ಮ್ಯಾಚಿನ ಟಿಕೆಟ್ ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಗ್ತಿತ್ತು. ಯಾಕೆ ಅಗ್ಗ ಅಂದ್ರೆ, ಆ ವರ್ಷ ಮೊದಲ 25 ಮ್ಯಾಚಲ್ಲಿ ಅವರು ಗೆದ್ದಿದ್ದು ಮೂರೇ ಮೂರು. ಈ ವಿಷಯ ಮಾವನಿಗೆ ಹೇಳಿರಲಿಲ್ಲ.

ಗುರುವಾರ, ಮೇ 23. ರೆಡ್ ಲೈನ್ ಟ್ರೇನಲ್ಲಿ ಹೋಗಿ ಸಾಕ್ಸ್-35ನೇ ಸ್ಟ್ರೀಟ್ ಸ್ಟೇಷನ್ನಲ್ಲಿ ಇಳ್ಕೊಂಡ್ವಿ. ಎದುರಾಳಿ ಬಾಲ್ಟಿಮೋರ್ ಓರಿಯೋಲ್ಸ್. ಹೊರಡೋವಾಗ ಅತ್ತೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ತುಂಬ ಒಗ್ಗರಣೆ ಮಂಡಕ್ಕಿ ಕಟ್ಟಿ ಕೊಟ್ಟಿದ್ರು, ಮಾವ ಅದನ್ನ ಜಾಕೆಟ್ಟಿನ ಒಳಗೆ ತುರುಕ್ಕೊಂಡು ಬಂದಿದ್ದು ನನಗೆ ಸೀಟಲ್ಲಿ ಕೂತ ಮೇಲೇನೇ ಗೊತ್ತಾಗಿದ್ದು. ಅಷ್ಟರಲ್ಲಿ ನಾನು ಅಲ್ಲಿ ಫೇಮಸ್ಸು ಅಂತ ಎಲೋಟೆ ಬೇರೆ ತಂದಿದ್ದೆ, ಅಂದ್ರೆ ಬಿಡಿಸಿದ ಮೆಕ್ಕೆಜೋಳಕ್ಕೆ ನಿಂಬೆಹುಳಿ, ಖಾರದಪುಡಿ, ಚೀಸು ಹಾಕಿರ್ತಾರೆ. ಮಾವ ಒಂದು ಚಮಚ ತಿಂದು, "ನಮ್ಮೂರ ಸುತ್ತ ಎಲ್ಲಿ ನೋಡಿದ್ರೂ ಇದನ್ನೇ ಬೆಳೀತಾರೆ, ಇಲ್ಲಿಗೆ ಬಂದು ದುಡ್ಡು ಕೊಟ್ಟು ತಿನ್ಬೇಕಾ" ಅಂತ ರೇಟ್ ಕೇಳಿದ್ರು. ಅರ್ಧ ಮಾಡಿ ಹೇಳಿದೆ. ಅದಕ್ಕೂ ಹೌಹಾರಿದ್ರು.

ನಮ್ಮ ಹಿಂದಿನ ಸಾಲಲ್ಲಿ ಇಬ್ರು ಅಜ್ಜಂದ್ರು ಕೂತಿದ್ರು. ಇಂಥ ಟೀಮಿಗೂ ವರ್ಷಗಟ್ಲೆ ನಿಯತ್ತಾಗಿ ಬರೋ ಜಾತಿಯೋರು. ಒಬ್ರು ದಪ್ಪ, ಒಬ್ರು ತೆಳ್ಳಗೆ, ಇಬ್ರಿಗೂ ಒಂದು ವಿಷಯದಲ್ಲೂ ಒಮ್ಮತ ಇಲ್ಲ. ಮ್ಯಾನೇಜರ್, ಅಂದ್ರೆ ಟೀಮಿನ ಕೋಚು, ಏನು ಮಾಡಿದ್ರೂ ತಪ್ಪು ಅನ್ನೋದರಲ್ಲಿ ಮಾತ್ರ ಇದೆ, ಯಾಕೆ ತಪ್ಪು ಅನ್ನೋದರಲ್ಲಿ ಮತ್ತೆ ಇಲ್ಲ. ಬೇಸಲ್ಲಿ, ಅಂದ್ರೆ ಓಡಿ ಹೋಗಿ ನಿಲ್ಲೋ ಗುರುತಲ್ಲಿ, ಇಬ್ರು ರನ್ನರ್ ಇದ್ದಾಗ ದಪ್ಪಜ್ಜ "ಬಂಟ್ ಮಾಡ್ಸು, ಬಂಟ್" ಅಂತ ಕೂಗಿದ್ರು, ತೆಳ್ಳಜ್ಜ "ಬಂಟ್ ಅಂದ್ರೆ ಸುಮ್ನೆ ಒಂದು ಔಟ್ ದಾನ ಕೊಟ್ಟಂಗೆ, ಕಂಪ್ಯೂಟರ್ ಲೆಕ್ಕ ನೋಡು ಮಾರಾಯ" ಅಂದ್ರು. ಮಾವ ನನ್ನ ಕಡೆ ಬಗ್ಗಿ, "ಅಳಿಯಂದ್ರೇ, ಬಂಟ್ರು ಇಲ್ಲಿಗೂ ಬಂದು ಹೋಟ್ಲು ಇಟ್ಟವ್ರಾ?" ಅಂದ್ರು. ಮಂಗ್ಳೂರು ಕಡೆ ಬಂಟರಲ್ಲ ಮಾವ, ಬ್ಯಾಟನ್ನ ಬೀಸ್ದೇ ಬಾಲಿಗೆ ಮೆತ್ತಗೆ ತಾಗಿಸಿ ಮುಂದಕ್ಕೆ ಬೀಳಿಸೋದು, ಬ್ಯಾಟ್ಸ್‌ಮನ್ ಔಟಾದ್ರೂ ರನ್ನರ್ ಮುಂದಿನ ಬೇಸಿಗೆ ಹೋಗ್ಲಿ ಅಂತ, ಅಂದೆ. "ಓ, ತ್ಯಾಗ" ಅಂದ್ರು. ಬೇಸ್‌ಬಾಲಲ್ಲೂ ಅದಕ್ಕೆ ಅದೇ ಹೆಸರು ಅಂತ ನಾನು ಹೇಳಿದಾಗ ಅಷ್ಟೊತ್ತಲ್ಲಿ ಮೊದಲ್ನೇ ಸಲ ಅವರಿಗೆ ಆಟದ ಮೇಲೆ ಸ್ವಲ್ಪ ಗೌರವ ಬಂತು.

ಆಮೇಲೆ ಸ್ಟ್ರೈಕ್ ಝೋನ್ ಜಗಳ. ಬ್ಯಾಟ್ಸ್‌ಮನ್ ಪಕ್ಕ ನೆಲದಲ್ಲಿರೋ ಹೋಮ್ ಪ್ಲೇಟ್ 17 ಇಂಚು ಅಗಲ, ಎತ್ತರ ಬ್ಯಾಟ್ಸ್‌ಮನ್ನಿನ ಮಂಡಿಯಿಂದ ಎದೆ ಹತ್ರದವರೆಗೆ, ಆ ಕಾಣದ ಡಬ್ಬಿ ಒಳಗೆ ಬಾಲ್ ಹಾದ್ರೆ ಸ್ಟ್ರೈಕು, ಅಂದ್ರೆ ಹೊಡೀದಿದ್ರೂ ಬ್ಯಾಟ್ಸ್‌ಮನ್ ಲೆಕ್ಕಕ್ಕೆ ಒಂದು ತಪ್ಪು. ನೂರಾರು ಅಡಿ ದೂರದಲ್ಲಿ, ಪಕ್ಕದ ಕೋನದಲ್ಲಿ, ಕೈಯಲ್ಲಿ ಬಿಯರ್ ಹಿಡ್ಕೊಂಡು ಕೂತಿರೋ ದಪ್ಪಜ್ಜನಿಗೆ ಆ ಡಬ್ಬಿ ಕ್ಲಿಯರ್ರಾಗಿ ಕಾಣ್ತಿತ್ತು, ಬಾಲಿನ ಹಿಂದೇನೇ ಬಗ್ಗಿ ನಿಂತಿರೋ ಅಂಪೈರಿಗೆ ಮಾತ್ರ ಕಾಣ್ತಿರಲಿಲ್ಲ. ಒಂದೊಂದು ಎಸೆತಕ್ಕೂ ಅಂಪೈರ್ ಕಣ್ಣಿಂದ ಹಿಡಿದು ವಂಶದವರೆಗೂ ವಿಚಾರಣೆ. "ಏನಂತೆ?" ಅಂದ್ರು ಮಾವ. ಅಂಪೈರಿಗೆ ಕನ್ನಡಕ ಬೇಕಂತೆ ಅಂದೆ, ಮಿಕ್ಕಿದ್ದು ನುಂಗ್ಕೊಂಡೆ. ಮಾವನ ಮುಖ ಗಂಟಾಯ್ತು.

ಯಾಕೆ ಅಂತ ನನಗೆ ಗೊತ್ತು, ಈ ಕತೆ ನಮ್ಮ ಮದುವೆ ಮಾತುಕತೆ ದಿನದಿಂದ ಕೇಳ್ತಾ ಇದೀನಿ. ಒಂದ್ಸಲ ತಾಲೂಕು ಮಟ್ಟದ ಕಬಡ್ಡಿ ಫೈನಲಲ್ಲಿ ಆತಿಥೇಯ ಊರಿನ ಹುಡುಗ ಗೆರೆ ತುಳಿದ ಅಂತ ಮಾವ ಔಟ್ ಕೊಟ್ರಂತೆ, ಊರೋರೆಲ್ಲ ಅಟ್ಟಿಸ್ಕೊಂಡು ಬಂದ್ರಂತೆ, ಹೆಡ್‌ಮಾಸ್ಟರ್ ರೂಮಲ್ಲಿ ಚಿಲಕ ಹಾಕ್ಕೊಂಡು ಕತ್ತಲಾಗೋವರೆಗೂ ಕೂತು ಆಚೆ ಬಂದ್ರೆ ಸೈಕಲ್ಲಿನ ಎರಡೂ ಚಕ್ರದಲ್ಲಿ ಗಾಳಿ ಇಲ್ಲ, ವಾಲ್ವ್‌ಟ್ಯೂಬ್ ಸಮೇತ ಕಿತ್ಕೊಂಡು ಹೋಗಿದ್ರು. ಒಂಬತ್ತು ಕಿಲೋಮೀಟರ್ ತಳ್ಕೊಂಡು ಮನೆಗೆ. ಈ ದೂರ ಪ್ರತಿ ಸಲ ಒಂದೊಂದು ಕಿಲೋಮೀಟರ್ ಜಾಸ್ತಿ ಆಗತ್ತೆ, ಅದು ಬೇರೆ ಮಾತು.

ಒಂಬತ್ತನೇ ಇನಿಂಗ್ಸ್, ಅದೇ ಕೊನೇದು. 8-6, ಸಾಕ್ಸ್ ಎರಡು ರನ್ ಹಿಂದೆ, ಒಂದು ಔಟ್, ಮೊದಲ್ನೇ ಎರಡ್ನೇ ಬೇಸಲ್ಲಿ ರನ್ನರ್ಸ್. ಸತ್ತಂಗಿದ್ದ ಸ್ಟೇಡಿಯಂ ಎದ್ದು ಕೂತಿತ್ತು, ಅಜ್ಜಂದ್ರು ಇಬ್ರೂ ನಿಂತ್ಕೊಂಡಿದ್ರು, ಮಾವನೂ ನಿಂತು ಮಂಡಕ್ಕಿ ಕವರ್ ಬಿಚ್ಚಿದ್ರು. ಸಾಕ್ಸಿನ ಬೆನಿಂಟೆಂಡಿ ಹೊಡೆದ ಬಾಲ್ ಮೇಲಕ್ಕೆ ಹೋಯ್ತು, ದೂರಕ್ಕೆ ಹೋಗ್ಲಿಲ್ಲ. ಇಂಥ ಸುಲಭದ ಕ್ಯಾಚನ್ನ ಫೀಲ್ಡರ್ ಬೇಕಂತ ಕೈಬಿಟ್ಟು ಇಬ್ರು ರನ್ನರ್ಸನ್ನ ಔಟ್ ಮಾಡೋ ಮೋಸ ನಡೀಬಾರ್ದು ಅಂತ ಒಂದು ರೂಲಿದೆ, ಇನ್‌ಫೀಲ್ಡ್ ಫ್ಲೈ ಅಂತಾರೆ, ಬಾಲ್ ಮೇಲಿರೋವಾಗ್ಲೇ ಹೊಡೆದೋನು ಔಟ್. ಸರಿ, ಎರಡ್ನೇ ಔಟ್ ಆಯ್ತು. ಓರಿಯೋಲ್ಸಿನ ಶಾರ್ಟ್‌ಸ್ಟಾಪ್ ಫೀಲ್ಡರ್ ಹೆಂಡರ್ಸನ್ ಕ್ಯಾಚೂ ಹಿಡಿದ. ಅಷ್ಟರಲ್ಲಿ ಅಂಪೈರ್ ಏನೋ ಸನ್ನೆ ಮಾಡ್ತಿದ್ರು. ಬೇಸಿಗೆ ವಾಪಸ್ ಬರ್ತಿದ್ದ ರನ್ನರ್ ವಾನ್, ಹೆಂಡರ್ಸನ್ ದಾರಿಗೆ ಅಡ್ಡ ಬಂದ ಅಂತ ಅವನೂ ಔಟು. ಮೂರ್ನೇ ಔಟ್, ಅಲ್ಲಿಗೆ ಇನಿಂಗ್ಸೂ ಮ್ಯಾಚೂ ಖತಂ.

ಒಂದು ನಿಮಿಷ ಯಾರಿಗೂ ಏನೂ ಅರ್ಥ ಆಗ್ಲಿಲ್ಲ. ಆಮೇಲೆ ಅರ್ಥ ಆಯ್ತು ನೋಡಿ, ಆ ಬೂ ಅನ್ನೋ ಸದ್ದು ಟ್ರೇನ್ ಸ್ಟೇಷನ್‌ಗೆ ಕೇಳಿಸಿರ್ಬೇಕು. ಸಂಜೆಯಿಂದ ಕಿತ್ತಾಡ್ತಿದ್ದ ದಪ್ಪಜ್ಜ ತೆಳ್ಳಜ್ಜ ಒಂದಾದ್ರು, "ಕ್ಯಾಚ್ ಹಿಡಿದ ಮೇಲೆ ಅಡ್ಡ ಎಲ್ಲಿಂದ ಬಂತು?" ಅಂತ.

"ಏನಾಯ್ತ್ರೀ?" ಅಂದ್ರು ಮಾವ. ಹೇಳಿದೆ. "ಅವನು ಬೇಕಂತ ಅಡ್ಡ ಬಂದ್ನಾ?" ಇಲ್ಲ, ಗೊತ್ತಿಲ್ದೇ. "ಬೇಕಂತ ಬಂದಿದ್ರೇ ತಪ್ಪು ಅಂತ ರೂಲ್ ಐತಾ?" ಇಲ್ಲ, ಬೇಕಂತ ಬಂದ್ರೂ ಬರ್ದಿದ್ರೂ ಫೀಲ್ಡರಿಗೆ ಜಾಗ ಬಿಡ್ಲೇಬೇಕು. "ಮತ್ತಿನ್ನೇನ್ರೀ!" ಅಂತ ಹಿಂದಕ್ಕೆ ತಿರುಗಿ, ಕ್ರಿಕೆಟ್ ಅಂಪೈರ್ ಥರ ತೋರುಬೆರಳು ನೆಟ್ಟಗೆ ಎತ್ತಿ, ಆ ಇಬ್ರಿಗೂ ಅರ್ಥ ಆಗೋ ಹಂಗೆ ಒಂದೇ ಮಾತು ಹೇಳಿದ್ರು: "ಔಟ್!"

ಎತ್ತಿದ್ದು ಮಂಡಕ್ಕಿ ಕವರ್ ಇದ್ದ ಕೈಯನ್ನ.

ದಪ್ಪಜ್ಜನ ಟೋಪಿ ಮೇಲೆ, ತೆಳ್ಳಜ್ಜನ ಬಿಯರಲ್ಲಿ, ಪಕ್ಕದ ಮಗುವಿನ ಹೆಗಲ ಮೇಲೆ ಅರಿಶಿನ ಬಣ್ಣದ ಮಂಡಕ್ಕಿ ಅಕ್ಷತೆ ಥರ ಉದುರ್ತು. ದಪ್ಪಜ್ಜನ ಕನ್ನಡಕಕ್ಕೆ ಒಂದು ಕರಿಬೇವಿನ ಎಲೆ ಅಂಟ್ಕೊಂಡಿತ್ತು, ಅವರು ಅದನ್ನ ತೆಗೀದೇನೇ "ನಿಮ್ಮಪ್ಪ ಏನು ಹೇಳ್ತಿದಾರೆ?" ಅಂದ್ರು. ನಾನು ಹೇಳಿದೆ, ನಮ್ಮ ಕಡೆ ತುಂಬ ದುಃಖ ಆದಾಗ ಹಿಂಗೆ ಮಾಡ್ತೀವಿ ಸರ್. ಅವರು ಹೆಗಲ ಮೇಲಿದ್ದ ನಾಲ್ಕು ಕಾಳು ಬಾಯಿಗೆ ಹಾಕ್ಕೊಂಡು, ಚೆನ್ನಾಗಿದೆ ಇದು, ಈ ವರ್ಷ ಪೂರ್ತಿ ಬೇಕಾಗತ್ತೆ ಅಂದ್ರು.

ಮಾರನೇ ದಿನದ ಸುದ್ದಿ ಏನಪ್ಪಾ ಅಂದ್ರೆ ಲೀಗಿನೋರೇ ಟೀಮಿಗೆ ಹೇಳಿದ್ರಂತೆ, ಅದು ಅಂಪೈರ್ ವಿವೇಚನೆಗೆ ಬಿಟ್ಟಿದ್ದು, ಆ ಔಟ್ ಕೊಡ್ಲೇಬೇಕು ಅಂತೇನಿರಲಿಲ್ಲ ಅಂತ. ಕಾಫಿ ಕುಡೀತಿದ್ದ ಮಾವನಿಗೆ ಓದಿ ಹೇಳಿದೆ. ಲೋಟ ಕೆಳಗಿಟ್ಟು, "ಹೇಳೋರು ಎಲ್ಲಿ ಕೂತು ಹೇಳಿದ್ರು?" ಅಂದ್ರು. ಆಫೀಸಲ್ಲಿ ಅಂದೆ. "ಹ್ಞಾಂ" ಅಂದು ಲೋಟ ಮತ್ತೆ ಎತ್ಕೊಂಡ್ರು.

ಅವರು ಊರಿಗೆ ವಾಪಸ್ ಹೋದ್ರು, ಸಾಕ್ಸ್ ಸೋಲ್ತಾ ಹೋಯ್ತು. ಜುಲೈ-ಆಗಸ್ಟಲ್ಲಿ ಸತತ 21 ಸೋಲು, ಮ್ಯಾನೇಜರ್ ಕೆಲ್ಸ ಹೋಯ್ತು. ಸೆಪ್ಟೆಂಬರ್ 27ಕ್ಕೆ ಡೆಟ್ರಾಯ್ಟಲ್ಲಿ ಸೋತಿದ್ದು 121ನೇದು, 1962ರ ಮೆಟ್ಸ್ ಟೀಮಿನ 120 ಸೋಲಿನ ದಾಖಲೇನೂ ಮುರಿದುಬಿಟ್ರು. ಅವತ್ತು ರಾತ್ರಿ ಫೋನ್ ಬಂತು, ದಾವಣಗೆರೇಲಿ ಆಗ ಬೆಳಗ್ಗೆ.

"ನಮ್ಮೋರು ಸೋತ್ರಂತಲ್ರೀ ಅಳಿಯಂದ್ರೇ."

ಹೂಂ ಮಾವ, 4-1.

"ಅಂಪೈರಿಂದಾನಾ?"

ಇಲ್ಲ ಮಾವ, ಅಂಪೈರದ್ದು ಏನೂ ಇಲ್ಲ. ಇವರೇ ಸೋತಿದ್ದು.

"ಅವತ್ತೂ ನಾನು ಅದನ್ನೇ ಹೇಳಿದ್ದು" ಅಂದು, ನಾನು ಬಾಯಿ ಬಿಡೋದ್ರೊಳಗೆ ಫೋನನ್ನ ಅತ್ತೆಗೆ ಕೊಟ್ಟುಬಿಟ್ರು.