ಗೋಡೆ, ನೊರೆ ಮತ್ತು ಪಾವಗಡ ಬಸ್ಸು

ಫುಟ್‌ಬಾಲ್‌ನಲ್ಲಿ ಚೆಂಡು ಓಡುತ್ತಿದ್ದರೆ ಆಟ ನಡೆಯುತ್ತದೆ. ಚೆಂಡು ನಿಂತಿತೋ, ಪಂಚಾಯಿತಿ ಶುರು.

ಒಬ್ಬರು ತಪ್ಪಾಡಿದರೆ ಇನ್ನೊಂದು ತಂಡಕ್ಕೆ ನಿಂತ ಚೆಂಡನ್ನು ಒದೆಯುವ ಅವಕಾಶ, ಅದೇ ಫ್ರೀ ಕಿಕ್. ಆಗ ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕು. ಕೋಟಿಗಟ್ಟಲೆ ಸಂಬಳ ಎಣಿಸುವ, ಚಡ್ಡಿ ಹಾಕುವ ವಯಸ್ಸಿನಿಂದ ಇದೇ ಕಸುಬು ಮಾಡಿಕೊಂಡು ಬಂದ ಗಂಡಸರು ಈ ನಿಯಮವನ್ನು ಇವತ್ತೇ ಕೇಳಿದವರ ಹಾಗೆ ಮುಖ ಮಾಡುತ್ತಾರೆ. ಐದು ಮೀಟರ್‌ನಲ್ಲಿ ನಿಂತು, 'ಇಷ್ಟು ಸಾಕಲ್ವಾ ಸ್ವಾಮಿ?' ಅನ್ನುವ ನೋಟ ಬೇರೆ. ರೆಫ್ರಿ ಹೆಜ್ಜೆ ಹಾಕಿ ಅಳೆಯುತ್ತಾನೆ. ಹಿಂದಕ್ಕೆ ಕಳಿಸುತ್ತಾನೆ. ಅವನು ಬೆನ್ನು ತಿರುಗಿಸಿದ ಕೂಡಲೇ, ಇವರು ಸಾಲಾಗಿ ನಿಂತು ಕಟ್ಟಿದ ಗೋಡೆ ಸದ್ದಿಲ್ಲದೆ ಮುಂದೆ ಬರುತ್ತದೆ.

ಇದಕ್ಕೆ ಫಿಫಾ ಕಂಡುಕೊಂಡ ಪರಿಹಾರ ನೊರೆ. 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ರೆಫ್ರಿಗಳು ಸೊಂಟಕ್ಕೆ ಡಬ್ಬಿ ಸಿಕ್ಕಿಸಿಕೊಂಡು ಬಂದರು. ಗೋಡೆಯವರ ಕಾಲಬುಡದಲ್ಲಿ ಶೇವಿಂಗ್ ಕ್ರೀಮಿನಂಥ ಬಿಳಿ ಗೆರೆ ಎಳೆದರು. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಮಾಯವಾಗುತ್ತದೆ. ಎಂಥ ಗೆರೆ ನೋಡಿ! ಗೆರೆ ಎಳೆದ ಹಾಗೂ ಆಯಿತು, ನಾಳೆ ಯಾರಾದರೂ ಬಂದು 'ಗೆರೆ ಎಲ್ಲಿ?' ಅಂತ ಕೇಳುವ ಹಾಗೂ ಇಲ್ಲ. ಇಂಥದ್ದನ್ನು ನಮ್ಮ ಸರ್ವೆ ಇಲಾಖೆಗಿಂತ ಮೊದಲು ಫುಟ್‌ಬಾಲ್‌ನವರು ತಂದರಲ್ಲ ಅನ್ನುವುದೊಂದೇ ನನ್ನ ಬೇಜಾರು. ಅದನ್ನು ಕಂಡುಹಿಡಿದ ಬ್ರೆಜಿಲಿನವನು ದುಡ್ಡಿಗಾಗಿ ಫಿಫಾ ಮೇಲೆ ಕೋರ್ಟಿಗೆ ಹೋದ ಅನ್ನುವುದು ಬೇರೆ ಕಥೆ.

ಗೋಡೆಯ ಇತಿಹಾಸದಲ್ಲಿ ನನಗೆ ಮೆಚ್ಚುಗೆಯಾದವನು ಒಬ್ಬನೇ, ಜೈರ್ (ಈಗಿನ ಡಿ.ಆರ್. ಕಾಂಗೋ) ದೇಶದ ಮ್ವೆಪು ಇಲುಂಗಾ. 1974ರ ವಿಶ್ವಕಪ್. ಬ್ರೆಜಿಲ್‌ಗೆ ಫ್ರೀ ಕಿಕ್ ಸಿಕ್ಕಿತು. ಅವರು ಒದೆಯುವ ಮೊದಲೇ ಈ ಪುಣ್ಯಾತ್ಮ ಗೋಡೆ ಬಿಟ್ಟು ಓಡಿಬಂದು ಚೆಂಡನ್ನು ಜಾಡಿಸಿ ಒದ್ದುಬಿಟ್ಟ. 'ಪಾಪ, ನಿಯಮ ಗೊತ್ತಿಲ್ಲ' ಅಂತ ಇಡೀ ಜಗತ್ತು ನಕ್ಕಿತು. ನಿಯಮ ಚೆನ್ನಾಗಿಯೇ ಗೊತ್ತಿತ್ತು ಅಂತ ಅವನೇ ಆಮೇಲೆ ಹೇಳಿದ. ಹಿಂದಿನ ಪಂದ್ಯದಲ್ಲಿ ಯುಗೊಸ್ಲಾವಿಯಾ ಎದುರು 9 ಗೋಲು ತಿಂದಿದ್ದರು, ಊರಲ್ಲಿ ಸರ್ವಾಧಿಕಾರಿ ಹಲ್ಲು ಕಡಿಯುತ್ತಿದ್ದ, ಕೈಗೆ ಕಾಸು ಬಂದಿರಲಿಲ್ಲ. ಬೇರೆಯವರು ಇಂಚಿಂಚಾಗಿ ಕದಿಯುವ 9.15 ಮೀಟರನ್ನು ಇವನು ಹಾಡಹಗಲೇ ಒಂದೇ ಓಟಕ್ಕೆ ದಾಟಿದ. ಹಳದಿ ಕಾರ್ಡ್ ಸಿಕ್ಕಿತು.

ಇನ್ನು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಗೋಲಿನ ಮುಂದಿನ ಗುಂಪಿಗೆ ಚೆಂಡು ಒದೆಯುವುದು. ಇದು ಅರ್ಥವಾಗಬೇಕಾದರೆ ಹಬ್ಬದ ಹಿಂದಿನ ಸಂಜೆ ತುಮಕೂರು ಬಸ್ ನಿಲ್ದಾಣಕ್ಕೆ ಬರಬೇಕು. ಪಾವಗಡದ ಬಸ್ಸು ಇನ್ನೂ ಗೇಟಿನೊಳಗೆ ತಿರುಗುತ್ತಿರುತ್ತದೆ, ಅಷ್ಟರಲ್ಲಿ ಜನ ಜಾಗ ಹಿಡಿದಿರುತ್ತಾರೆ. ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆ ಅನ್ನುವುದು ಪಳಗಿದವರಿಗೆ ಮೊದಲೇ ಗೊತ್ತು. ಒಬ್ಬ ಮೊಣಕೈ ಅಡ್ಡ ಇಡುತ್ತಾನೆ. ಇನ್ನೊಬ್ಬ ಮುಂದಿನವನ ಅಂಗಿ ಹಿಡಿದಿರುತ್ತಾನೆ, ಕಣ್ಣು ಮಾತ್ರ ಆಕಾಶದ ಕಡೆಗೆ. ಒಬ್ಬಳು ಅಜ್ಜಿ ಯಾರ ಕಂಕುಳ ಕೆಳಗೋ ನುಸುಳಿ ಫುಟ್‌ಬೋರ್ಡ್ ಮೇಲೆ ಪ್ರತ್ಯಕ್ಷ. ಕಿಟಕಿಯಿಂದ ಟವೆಲ್ ಹಾರುತ್ತದೆ, ಅದರ ಹಿಂದೆ ಬ್ಯಾಗು, ಕೆಲವು ಸಲ ಮಗು. ಕಂಡಕ್ಟರ್ ಸೀಟಿ ಊದಿ 'ಒಬ್ಬೊಬ್ಬರೇ ಹತ್ರೀ' ಅನ್ನುತ್ತಾರೆ. ಯಾರೂ ಕೇಳುವುದಿಲ್ಲ. ಯಾರೂ ಕೇಳುವುದಿಲ್ಲ ಅನ್ನುವುದು ಅವರಿಗೂ ಗೊತ್ತು. ಆದರೂ ಊದುತ್ತಾರೆ, ಡ್ಯೂಟಿ.

ಕಾರ್ನರ್‌ನಲ್ಲೂ ಇದೇ. ರೆಫ್ರಿ ಸೀಟಿ ಊದಿ ಆಟ ನಿಲ್ಲಿಸುತ್ತಾನೆ. ಅಂಗಿ ಹಿಡಿದವನನ್ನೂ ಹಿಡಿಸಿಕೊಂಡವನನ್ನೂ ಕರೆದು ಬುದ್ಧಿ ಹೇಳುತ್ತಾನೆ. ಇಬ್ಬರೂ ತಲೆಯಾಡಿಸುತ್ತಾರೆ. ವಾಪಸ್ ಹೋಗಿ ಅದೇ ಅಂಗಿಯ ಅದೇ ತುದಿ ಹಿಡಿದುಕೊಳ್ಳುತ್ತಾರೆ. 2018ರಲ್ಲಿ ಟ್ಯುನೀಷಿಯಾದವರು ಇಂಗ್ಲೆಂಡಿನ ಹ್ಯಾರಿ ಕೇನ್‌ನನ್ನು ಗೋಲಿನ ಮುಂದೆ ಕುಸ್ತಿ ಅಖಾಡದ ಹಾಗೆ ಕೆಡವಿದರು. ವಿಎಆರ್, ಅಂದರೆ ವಿಡಿಯೋ ನೋಡಿ ರೆಫ್ರಿಯ ತಪ್ಪು ತಿದ್ದುವ ವ್ಯವಸ್ಥೆ, ಬಂದ ಮೊದಲ ವಿಶ್ವಕಪ್ ಅದು, ಅದಕ್ಕೆಂದೇ ಟಿವಿ ಮುಂದೆ ಜನ ಕೂತೇ ಇದ್ದರು. ಪೆನಾಲ್ಟಿ ಬರಲಿಲ್ಲ. ಮುಂದೆ ಪನಾಮಾ, ಕೊಲಂಬಿಯಾ ಎದುರು ಇಂಥದ್ದೇ ಎಳೆದಾಟಕ್ಕೆ ಬಂತು. ನಿಯಮ ಬದಲಾಗಿರಲಿಲ್ಲ, ರೆಫ್ರಿ ಬದಲಾಗಿದ್ದ.

ಆ ಇಂಗ್ಲೆಂಡ್ ತಂಡದ ಕೋಚ್ ಗ್ಯಾರೆತ್ ಸೌತ್‌ಗೇಟ್, ಗುಂಪಿನೊಳಗೆ ಜಾಗ ಮಾಡಿಕೊಳ್ಳುವುದು ಹೇಗೆ ಅಂತ ಕಲಿಯಲು ಅಮೆರಿಕಕ್ಕೆ ಹೋಗಿ ಬ್ಯಾಸ್ಕೆಟ್‌ಬಾಲನ್ನೂ ಅವರ ಫುಟ್‌ಬಾಲನ್ನೂ ನೋಡಿಬಂದ. ಫಲ ಸಿಕ್ಕಿತು ಅನ್ನಿ. ಅವರ ಆಟಗಾರರು ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು, ಚೆಂಡು ಬರುವ ಹೊತ್ತಿಗೆ ದಿಕ್ಕಿಗೊಬ್ಬರಂತೆ ಚದುರುತ್ತಿದ್ದರು. ಆ ವಿಶ್ವಕಪ್‌ನಲ್ಲಿ ಹೊಡೆದ 12 ಗೋಲುಗಳಲ್ಲಿ 9 ಕಾರ್ನರ್, ಫ್ರೀ ಕಿಕ್, ಪೆನಾಲ್ಟಿಗಳಿಂದಲೇ ಬಂದವು. ಸಾಲಲ್ಲಿ ನಿಂತಂತೆ ಮಾಡಿ ಬಾಗಿಲು ತೆರೆದ ಕೂಡಲೇ ಸಾಲು ಮುರಿಯುವ ಈ ವಿದ್ಯೆಗೆ ಅಷ್ಟು ದೂರ ವಿಮಾನ ಹತ್ತಬೇಕಿತ್ತಾ? ತುಮಕೂರು ಪಕ್ಕದ ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದು, ನಮ್ಮ ನಿಲ್ದಾಣದಲ್ಲಿ ಒಂದು ಸಂಜೆ ನಿಂತಿದ್ದರೆ ಸಾಕಿತ್ತು. ಫುಟ್‌ಬೋರ್ಡ್ ಹತ್ತಿದ ಆ ಅಜ್ಜಿಯನ್ನೇ ಅಸಿಸ್ಟೆಂಟ್ ಕೋಚ್ ಮಾಡಿಕೊಂಡು ಹೋಗಬಹುದಿತ್ತು.

ಅಂದಹಾಗೆ, ಈ ನೂಕಾಟವೇ ಬೇಡ ಅಂತ ಕಾರ್ನರ್‌ನಿಂದ ನೇರವಾಗಿ ಗೋಲಿಗೇ ಹಾಕಿದವನೂ ಇದ್ದಾನೆ. ಕೊಲಂಬಿಯಾದ ಮಾರ್ಕೋಸ್ ಕೋಲ್, 1962ರಲ್ಲಿ, ಅದೂ ಸೋವಿಯತ್‌ನ ಲೆವ್ ಯಾಶಿನ್ ಗೋಲಲ್ಲಿ ನಿಂತಿದ್ದಾಗ. ಪುರುಷರ ವಿಶ್ವಕಪ್‌ನಲ್ಲಿ ಅಂಥ ಗೋಲು ಅದೊಂದೇ.

ಇಷ್ಟು ಪ್ರತಿಭೆ ಇಟ್ಟುಕೊಂಡೂ ನಾವು ವಿಶ್ವಕಪ್ ಆಡಿಲ್ಲ. 2026ಕ್ಕೆ ತಂಡಗಳನ್ನು 48ಕ್ಕೆ ಏರಿಸಿದರೂ ಆಗಲಿಲ್ಲ. 2024ರ ಜೂನ್ 11ರಂದು ದೋಹಾದಲ್ಲಿ ಅರ್ಹತಾ ಪಂದ್ಯ. ಛಾಂಗ್ಟೆ ಗೋಲಿನಿಂದ ಕತಾರ್ ಮೇಲೆ ನಮಗೆ 1-0 ಮುನ್ನಡೆ. 73ನೇ ನಿಮಿಷದಲ್ಲಿ ಅವರಿಗೊಂದು ಫ್ರೀ ಕಿಕ್. ತಲೆಯಿಂದ ಹೊಡೆದದ್ದನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದರು. ಚೆಂಡು ಉರುಳಿ ಗೋಲ್ ಪಕ್ಕದ ಗೆರೆ ದಾಟಿ ಆಚೆ ಹೋಯಿತು. ಕತಾರಿನವನೊಬ್ಬ ಅದನ್ನು ಕಾಲಲ್ಲಿ ಒಳಗೆ ಎಳೆದ, ಇನ್ನೊಬ್ಬ ಗೋಲಿಗೆ ತಳ್ಳಿದ. ರೆಫ್ರಿ ಗೋಲು ಕೊಟ್ಟ. ಆ ಹಂತದ ಪಂದ್ಯಗಳಿಗೆ ವಿಎಆರ್ ಇರಲಿಲ್ಲ. ಗೆರೆಯೇನೋ ಇತ್ತು, ಅದೂ ಮಾಯವಾಗದ ಸುಣ್ಣದ್ದು. 2-1ಕ್ಕೆ ಸೋತೆವು, ಹೊರಗೆ ಬಿದ್ದೆವು.

ಮಾರನೇ ದಿನ ಇಡ್ಲಿ ಹೋಟೆಲಿನಲ್ಲಿ ಎಲ್ಲರೂ ನ್ಯಾಯಾಧೀಶರೇ. ಪಕ್ಕದ ಟೇಬಲ್ಲಿನ ಯಜಮಾನರ ಗಂಟಲು ಎಲ್ಲರಿಗಿಂತ ಜೋರು. "ಮೋಸ ಸಾರ್, ಹಗಲು ದರೋಡೆ! ಆಟ ಅಂದಮೇಲೆ ಒಂದು ನೀತಿ ಬೇಡ್ವಾ?"

ನನಗೆ 2023ರ ಮಾರ್ಚ್ ನೆನಪಾಯಿತು. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್‌ನವರು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ನಮ್ಮ ಬೆಂಗಳೂರು ತಂಡದ ಛೆಟ್ರಿ ಫ್ರೀ ಕಿಕ್ಕನ್ನು ಖಾಲಿ ಗೋಲಿಗೆ ತೇಲಿಸಿದ್ದು. ಸೀಟಿಗೆ ಕಾಯಬೇಕಿಲ್ಲ ಅಂತ ರೆಫ್ರಿ ಗೋಲು ಕೊಟ್ಟಿದ್ದು. ಕೇರಳದವರು ಆಟ ಬಿಟ್ಟು ಎದ್ದುಹೋಗಿ, ಆಮೇಲೆ 4 ಕೋಟಿ ರೂಪಾಯಿ ದಂಡ ಹಾಕಿಸಿಕೊಂಡಿದ್ದು. ಆ ವಾರ ಇದೇ ಹೋಟೆಲು, ಇದೇ ಯಜಮಾನರು. "ರೂಲ್ ಬುಕ್ಕಲ್ಲಿ ಇದೆ ಸಾರ್, ನೀತಿ ಗೀತಿ ಎಲ್ಲಾ ಸುಮ್ನೆ" ಅಂದಿದ್ದರು.

ಅದನ್ನು ನೆನಪಿಸಿದೆ. ಅವರು ತಡವರಿಸಲಿಲ್ಲ. "ಅದು ಬೇರೆ ಸಾರ್. ಆವತ್ತು ಹೊಡೆದಿದ್ದು ನಮ್ಮ ಹುಡುಗ" ಅಂದು, ಇನ್ನೊಂದು ಸ್ವಲ್ಪ ಚಟ್ನಿ ಹಾಕಿಸಿಕೊಂಡರು.